ಸಹಾಯ ಬೇಕು: ಕರಾರಿಗೆ ಸಹಿ ಆಗೇತಿ, ಕೆಲಸ ಐತೋ ಇಲ್ಲೋ ಗೊತ್ತಾಗವಲ್ದು

ಎಲ್ಲಾರಿಗೂ ನಮಸ್ಕಾರ್ರಿ. ನಾನು ಧಾರವಾಡದಾಂವ. ಹುಬ್ಬಳ್ಳಿ ಗೋಕುಲ ರೋಡಿನ ಫ್ಯಾಕ್ಟರಿಯೊಂದ್ರಾಗ ನಾಕು ವರ್ಷ ಅಕೌಂಟ್ಸ್ ನೋಡ್ಕೊಂಡಿದ್ದೆ, ದಿನಾ ಚಿಗರಿ ಬಸ್ಸಿನಾಗ ಓಡಾಟ. ಹೋದ ತಿಂಗಳು ತಾರಿಹಾಳದ ಕಡೆ ಒಂದು ಕಂಪನಿಯವರು ಆಫರ್ ಲೆಟರ್ ಕೊಟ್ಟು, ಕರಾರುಪತ್ರಕ್ಕೂ ಸಹಿ ಹಾಕಿಸ್ಕೊಂಡ್ರು. ಪಗಾರ 28,000, ಸೇರೋದು 1ನೇ ತಾರೀಖಿಗೆ. ಅದನ್ನ ನಂಬಿ ಹಳೇ ಕಡೆ ರಾಜೀನಾಮೆ ಕೊಟ್ಟೆ.

1ನೇ ತಾರೀಖು ಹೋಗಿ ಎರಡು ವಾರ ಆತು. ಫೋನ್ ಹಚ್ಚಿದ್ರ ಎಚ್‌ಆರ್ ಮೇಡಂ "ಮ್ಯಾಲಿನವ್ರ ಒಪ್ಪಿಗಿ ಬಾಕಿ ಐತಿ, ಸ್ವಲ್ಪ ತಡೀರಿ" ಅಂತಾರ. ಬರವಣಿಗೆಯೊಳಗ ಕೊಡ್ರಿ ಅಂದ್ರ ಸುಮ್ಮನಾಗ್ತಾರ. ಮುಖ್ಯ ತೊಡಕು ಏನಂದ್ರ, ನನ್ನ ಕಡೆ ಇರೋ ಕರಾರಿನ ಪ್ರತಿಯೊಳಗ ನನ್ನ ಸಹಿ ಅಷ್ಟ ಐತಿ, ಅವರದಿಲ್ಲ. ಆಫರ್ ಲೆಟರ್ ಮಾತ್ರ ಅವರ ಮೇಲ್‌ನಿಂದನ ಬಂದೈತಿ. ಮತ್ತ ಡಿಗ್ರಿ ಮೂಲ ಅಂಕಪಟ್ಟಿ ಅವರ ಹತ್ರ ಅದಾವು. ಕೊಡಬಾರದಿತ್ತು, ಗೊತ್ತೈತ್ರಿ, ಬೈಬ್ಯಾಡ್ರಿ.

ವಕೀಲಕಿ ಮಾಡೋ ನಮ್ಮ ಮಾವ ಹೇಳಿದ್ದು: 1872ರ ಕರಾರು ಕಾಯ್ದೆಯ 73ನೇ ಕಲಂ ಪ್ರಕಾರ ಕರಾರು ಮುರಿದ್ರ ಆದ ನಷ್ಟಕ್ಕ ಪರಿಹಾರ ಕೇಳಬಹುದು, ಆದ್ರ ಕೆಲಸಾನ ಕೊಡ್ರಿ ಅಂತ ಕೋರ್ಟಿನಿಂದ ಹೇಳಿಸೋದು ಕಷ್ಟ.

ಹಳೇ ಸಾಹೇಬ್ರು ವಾಪಸ್ ಬಾ ಅಂತಾರ, ಆದ್ರ ಈ ವಾರದಾಗ ಹೇಳಬೇಕಂತ. ಇತ್ತ ದರಿ, ಅತ್ತ ಪುಲಿ. ನಾ ವಾಪಸ್ ಹೋದ್ರ ಕರಾರು ನಾನ ಮುರಿದಂಗ ಆಗ್ತೈತೇನ್ರಿ? ಅಂಕಪಟ್ಟಿ ಮೊದಲು ಬಿಡಿಸ್ಕೊಳ್ಳೋದು ಹೆಂಗ? ಹಿಂಗ ಅನುಭವ ಆದವರು ಯಾರರ ಇದ್ರ ದಯಮಾಡಿ ಹೇಳ್ರಿ.