ನಾಲ್ಕೂ ಬದಿ ಅಳೆದರೂ ಹುಲ್ಲುಹಾಸಿನ ಲೆಕ್ಕ ತಪ್ಪಿದೆ: 896 ಚದರ ಅಡಿ ತರಿಸಿದರೆ ಸುಮಾರು 130 ಮಿಕ್ಕಿತು

ಹುಲ್ಲುಹಾಸು:

ನಮಸ್ಕಾರ. ಮನೆಯ ಹಿಂದಿನ ಜಾಗಕ್ಕೆ ನಾಲ್ಕು ಮೂಲೆ. ಯಾವ ಎರಡು ಬದಿಯೂ ಸಮ ಇಲ್ಲ, ಯಾವ ಮೂಲೆಯೂ ನೇರ ಇಲ್ಲ. ಮೂಲೆಗಳನ್ನು ಸುತ್ತು ಬಂದಂತೆ ಕ, ಖ, ಗ, ಘ ಎಂದುಕೊಂಡರೆ ಅಳತೆ ಹೀಗೆ:

ಕಖ 36 ಅಡಿ
ಖಗ 24 ಅಡಿ
ಗಘ 28 ಅಡಿ
ಘಕ 32 ಅಡಿ

ಎದುರುಬದುರು ಬದಿಗಳ ಸರಾಸರಿ ತೆಗೆದು ಗುಣಿಸಿದ್ದು: (36+28)÷2 = 32, (24+32)÷2 = 28, ಒಟ್ಟು 32×28 = 896 ಚದರ ಅಡಿ. ಅಷ್ಟೇ ಹುಲ್ಲಿನ ರೋಲ್ ತರಿಸಿ ಹಾಸಿದ ಮೇಲೆ, ಕತ್ತರಿಸಿದ ತುಂಡುಗಳೂ ಸೇರಿ ಹತ್ತಿರ ಹತ್ತಿರ 130 ಚದರ ಅಡಿ ಉಳಿದಿದೆ. ಬದಿಗಳನ್ನು ಮತ್ತೆ ಅಳೆದರೂ ಅವೇ ಅಂಕಿ. ತಪ್ಪು ಎಲ್ಲಾಗಿದೆ? ಪಕ್ಕದಲ್ಲೇ ಡೊಂಕು ಅಂಚಿನ ಹೂವಿನ ಪಾತಿಯೊಂದಿದೆ. ಅದಕ್ಕೆ ತೊಗಟೆ ಚೂರು ಹೊದಿಸಬೇಕು. ಅದರ ವಿಸ್ತೀರ್ಣ ಹೇಗೆ ತೆಗೆಯುವುದು?

ಮೂಲೆಮಟ್ಟ:

ನಿಮ್ಮ ಟೇಪು ಸರಿಯಾಗಿಯೇ ಇದೆ, ತಪ್ಪಿದ್ದು ಸೂತ್ರ. ನಾಲ್ಕು ಬದಿ ಗೊತ್ತಾದ ಮಾತ್ರಕ್ಕೆ ವಿಸ್ತೀರ್ಣ ಗೊತ್ತಾಗುವುದಿಲ್ಲ. ನಾಲ್ಕು ಕಡ್ಡಿಗಳ ತುದಿಗಳನ್ನು ದಾರದಿಂದ ಕಟ್ಟಿ ಚೌಕಟ್ಟು ಮಾಡಿ, ಎದುರು ಮೂಲೆಗಳನ್ನು ಹಿಡಿದು ಎಳೆಯಿರಿ. ಕಡ್ಡಿಗಳ ಉದ್ದ ಬದಲಾಗದೆಯೇ ಒಳಗಿನ ಜಾಗ ಸಣ್ಣದಾಗುತ್ತಾ ಹೋಗುತ್ತದೆ. ನಿಮ್ಮ ಜಾಗವೂ ಹಾಗೆ ಎಳೆದ ಚೌಕಟ್ಟೇ.

ಸರಾಸರಿ ಲೆಕ್ಕ ನೇರ ಮೂಲೆಗಳ ಆಯತಕ್ಕೆ ಮಾತ್ರ ಸರಿ. ಬೇರೆ ಯಾವ ಚತುರ್ಭುಜಕ್ಕೆ ಹಾಕಿದರೂ ಹೆಚ್ಚೇ ತೋರಿಸುತ್ತದೆ, ಕಡಿಮೆ ತೋರಿಸುವುದೇ ಇಲ್ಲ. ಬ್ರಹ್ಮಗುಪ್ತ 628ರಲ್ಲೇ ಇದನ್ನು ‘ಸ್ಥೂಲ’ ಫಲ ಎಂದು ಕರೆದು, ಅದರ ಜೊತೆಗೇ ‘ಸೂಕ್ಷ್ಮ’ ಫಲದ ಸೂತ್ರ ಕೊಟ್ಟಿದ್ದಾನೆ. ನಾಲ್ಕೂ ಬದಿ ಕೂಡಿಸಿ ಅರ್ಧ ಮಾಡಿದರೆ 60. ಅದರಿಂದ ಒಂದೊಂದು ಬದಿ ಕಳೆದರೆ 24, 36, 32, 28. ಇವುಗಳ ಗುಣಲಬ್ಧದ ವರ್ಗಮೂಲ ಸುಮಾರು 880. ನಾಲ್ಕು ಮೂಲೆಗಳೂ ಒಂದೇ ವೃತ್ತದ ಮೇಲೆ ಕೂತರೆ ಮಾತ್ರ ಅಷ್ಟು ಸಿಗುತ್ತದೆ, ಈ ಬದಿಗಳಿಂದ ಅದಕ್ಕಿಂತ ಹೆಚ್ಚು ಜಾಗ ಸುತ್ತುವರಿಯುವುದು ಸಾಧ್ಯವೇ ಇಲ್ಲ. ಎಂದರೆ 896 ಅನ್ನುವುದು ಜಾಗ ನೋಡದೆಯೇ ತಪ್ಪು ಎಂದು ಹೇಳಬಹುದಾದ ಅಂಕಿ.

ಬೇಕಾಗಿರುವುದು ಐದನೇ ಅಳತೆ: ಮೂಲೆಯಿಂದ ಎದುರು ಮೂಲೆಗೆ, ಅಂದರೆ ಕರ್ಣ. ಸಾಧ್ಯವಾದರೆ ಎರಡೂ ಕರ್ಣ ಅಳೆಯಿರಿ, ಒಂದು ಲೆಕ್ಕಕ್ಕೆ, ಇನ್ನೊಂದು ತಾಳೆ ನೋಡಲು. ಮೂಲೆಗಳಲ್ಲಿ ಗೂಟ ಹೊಡೆದು ದಾರ ಬಿಗಿದು, ದಾರದ ಗುಂಟ ಟೇಪು ಹಿಡಿಯಿರಿ. ಗಿಡದ ಮೇಲೆ ಹಾಯ್ದ ಟೇಪು, ಜೋಲು ಬಿದ್ದ ಟೇಪು ಎರಡೂ ಉದ್ದ ಹೆಚ್ಚು ತೋರಿಸುತ್ತವೆ. ತುದಿಯಲ್ಲಿ ಬಳೆ ಇರುವ ಟೇಪಾದರೆ ಸೊನ್ನೆ ಬಳೆಯ ಹೊರ ಅಂಚಿನಿಂದಲೋ ಪಟ್ಟಿಯ ಮೇಲಿನ ಗೆರೆಯಿಂದಲೋ ಎಂದು ಮೊದಲೇ ನೋಡಿಕೊಳ್ಳಿ.

ಹುಲ್ಲುಹಾಸು:

ಅಳೆದಾಯಿತು. ಕಗ 52 ಅಡಿ, ಖಘ 29 ಅಡಿ 10 ಇಂಚು. ಪ್ರತಿ ಕರ್ಣಕ್ಕೂ ಎರಡೆರಡು ತ್ರಿಭುಜ ಮಾಡಿ, ಮೂರು ಬದಿಗಳಿಂದಲೇ ತ್ರಿಭುಜದ ವಿಸ್ತೀರ್ಣ ಕೊಡುವ ಹೆರಾನ್ ಸೂತ್ರ ಹಾಕಿದರೆ ಮೊದಲನೆಯದರಿಂದ 766.6, ಎರಡನೆಯದರಿಂದ 753.4 ಬರುತ್ತಿದೆ. ಯಾವುದನ್ನು ನಂಬಲಿ?

ಮೂಲೆಮಟ್ಟ:

766.6 ಸರಿ. ಎರಡನೆಯದಕ್ಕೆ ಕ್ಯಾಲ್ಕುಲೇಟರಿನಲ್ಲಿ 29.10 ಎಂದು ಒತ್ತಿದ್ದೀರಿ. 10 ಇಂಚು ಎಂದರೆ 10÷12 = 0.83 ಅಡಿ, ಆದ್ದರಿಂದ ಅದು 29.83 ಆಗಬೇಕು. ಅಡಿ-ಇಂಚಿನ ಲೆಕ್ಕ ಕೆಡುವುದು ಬಹಳ ಸಲ ಇಲ್ಲೇ: 5 ಅಡಿ 6 ಇಂಚು 5.6 ಅಲ್ಲ, 5.5. ಸುರಕ್ಷಿತ ದಾರಿ ಎಂದರೆ ಪ್ರತಿ ಅಳತೆಯ ಇಂಚನ್ನು ಮೊದಲು 12ರಿಂದ ಭಾಗಿಸಿ ಬರೆದಿಟ್ಟುಕೊಂಡು, ಆಮೇಲೆ ಗುಣಿಸಲು ಶುರು ಮಾಡುವುದು.

ತಿದ್ದಿದ ಲೆಕ್ಕ:

ಕಗ ಕರ್ಣದಿಂದ: 36, 24, 52ರ ತ್ರಿಭುಜದ ಅರ್ಧ ಸುತ್ತಳತೆ 56. ಅದರಿಂದ ಒಂದೊಂದು ಬದಿ ಕಳೆದರೆ 20, 32, 4. 56×20×32×4ರ ವರ್ಗಮೂಲ 378.6. ಇನ್ನೊಂದು ತ್ರಿಭುಜ 52, 28, 32. ಅದರದ್ದೂ 56, 56×4×24×28ರ ವರ್ಗಮೂಲ 388.0. ಕೂಡಿದರೆ 766.6.

ಖಘ ಕರ್ಣದಿಂದ: 451.6 + 314.8 = 766.4.

ಎರಡೂ ತಾಳೆಯಾದವು. 896ರಲ್ಲಿ 766.6 ಕಳೆದರೆ 129.4, ನಿಮಗೆ ಮಿಕ್ಕಿದ್ದೂ ಅಷ್ಟೇ.

ಒಂದು ಎಚ್ಚರಿಕೆ. ಉದ್ದನೆಯ ಕರ್ಣ ಹಿಡಿದಾಗ ತ್ರಿಭುಜಗಳು ಚಪ್ಪಟೆಯಾಗಿರುತ್ತವೆ. ಅಲ್ಲಿ ಸಣ್ಣ ತಪ್ಪೂ ದೊಡ್ಡದಾಗುತ್ತದೆ. ಈ 52 ಅಡಿಯಲ್ಲಿ 3 ಇಂಚು ಹೆಚ್ಚು ಓದಿದರೆ ವಿಸ್ತೀರ್ಣದಲ್ಲಿ ಸುಮಾರು ಏಳೂವರೆ ಚದರ ಅಡಿ ಕಡಿಮೆಯಾಗುತ್ತದೆ. ಯಾವುದಾದರೂ ಒಂದು ಮೂಲೆ ಒಳಕ್ಕೆ ಬಾಗಿದ್ದರೆ, ಜಾಗದ ಒಳಗೇ ಹಾದುಹೋಗುವ ಕರ್ಣವನ್ನೇ ಆರಿಸಿ.

ಮಟ್ಟಗೋಲು:

ವರ್ಗಮೂಲದ ಗೊಡವೆ ಬೇಡ ಎನ್ನುವವರಿಗೆ ಇನ್ನೊಂದು ದಾರಿ ಇದೆ. ಕಗ ದಾರ ಬಿಗಿದಿಡಿ. ಟೇಪಿನ ಸೊನ್ನೆಯನ್ನು ಖ ಮೂಲೆಯಲ್ಲಿ ಹಿಡಿದು, ಇನ್ನೊಂದು ತುದಿಯನ್ನು ದಾರದ ಮೇಲೆ ಅತ್ತಿತ್ತ ತೂಗಿ. ದಾರದ ಮೇಲೆ ಕಾಣುವ ಅತಿ ಕಡಿಮೆ ಅಳತೆಯೇ ಲಂಬ. ಮೂಲೆಮಟ್ಟ ಹಿಡಿದು ನೋಡುವ ಅಗತ್ಯವೂ ಇಲ್ಲ. ನಿಮ್ಮ ಜಾಗದಲ್ಲಿ ಖ ಕಡೆ ಸುಮಾರು 14 ಅಡಿ 7 ಇಂಚು, ಘ ಕಡೆ 14 ಅಡಿ 11 ಇಂಚು ಬರಬೇಕು. ಎರಡೂ ಕೂಡಿ 29.5. ಕರ್ಣದ ಅರ್ಧ 26ರಿಂದ ಗುಣಿಸಿದರೆ 767.

ಹುಲ್ಲಿಗೆ ಇದರ ಮೇಲೆ ಶೇಕಡಾ 5 ಸೇರಿಸುವುದು ವಾಡಿಕೆ, ಆದರೆ ಕ ಮೂಲೆ ತುಂಬಾ ಚೂಪಾಗಿದೆ. ಚೂಪು ಮೂಲೆಯಲ್ಲಿ ರೋಲನ್ನು ಓರೆಯಾಗಿ ಕತ್ತರಿಸಬೇಕಾಗುತ್ತದೆ, ಕತ್ತರಿಸಿದ ತುಂಡು ಬೇರೆಡೆ ಸುಲಭವಾಗಿ ಹೊಂದುವುದಿಲ್ಲ. ಇಂಥ ಜಾಗಕ್ಕೆ ಶೇಕಡಾ 10 ಇಟ್ಟುಕೊಳ್ಳಿ: ಸುಮಾರು 843 ಚದರ ಅಡಿ. ನೆಲ ಇಳಿಜಾರಾಗಿದ್ದರೆ ಟೇಪನ್ನು ಮಟ್ಟವಾಗಿ ಹಿಡಿಯದೆ ನೆಲಕ್ಕೆ ಅಂಟಿಸಿಯೇ ಅಳೆಯಿರಿ, ಹುಲ್ಲು ಹಾಸುವುದು ಇಳಿಜಾರಿನ ಮೇಲೆ ತಾನೆ.

ಇನ್ನು ಡೊಂಕು ಪಾತಿ. ಉದ್ದಕ್ಕೆ ತುದಿಯಿಂದ ತುದಿಗೆ ಒಂದು ನೇರ ದಾರ ಕಟ್ಟಿ. ಅದರ ಮೇಲೆ ಸಮ ಅಂತರದಲ್ಲಿ ಗುರುತು ಹಾಕಿ, ಪ್ರತಿ ಗುರುತಿನಲ್ಲೂ ದಾರಕ್ಕೆ ಲಂಬವಾಗಿ ಪಾತಿಯ ಪೂರ್ತಿ ಅಗಲ ಅಳೆಯಿರಿ. ಅಂಚಿನ ಡೊಂಕಿಗೆ ಲಂಬವಾಗಿ ಅಳೆಯಬೇಡಿ, ಪಟ್ಟಿಗಳು ಒಂದರ ಮೇಲೊಂದು ಬಂದು ಲೆಕ್ಕ ಕೆಡುತ್ತದೆ. ದಾರದ ಉದ್ದ ಎಷ್ಟು ಬಂತು, ಅಗಲಗಳು ಎಷ್ಟೆಷ್ಟು, ತಿಳಿಸಿ.

ಹುಲ್ಲುಹಾಸು:

ದಾರ 24 ಅಡಿ. ಪ್ರತಿ 4 ಅಡಿಗೆ ಅಗಲ: 0, 5, 7, 6.5, 8, 6, 0. ಈ ಸಲ 6 ಅಡಿ 6 ಇಂಚನ್ನು 6.5 ಎಂದೇ ಬರೆದಿದ್ದೇನೆ. ತೊಗಟೆ 3 ಇಂಚು ದಪ್ಪ ಬೇಕು. 50 ಲೀಟರ್ ಚೀಲಗಳಲ್ಲಿ ಸಿಗುತ್ತದೆ.

ಮಟ್ಟಗೋಲು:

ಎಲ್ಲ ಅಗಲ ಕೂಡಿಸಿ ಅಂತರದಿಂದ ಗುಣಿಸಿದರೆ 32.5×4 = 130. ತುದಿಗಳು ಸೊನ್ನೆಯಾಗಿರುವುದರಿಂದ ಇಷ್ಟು ಸರಳ. ತುದಿ ಮೊಂಡಾಗಿದ್ದರೆ ಮೊದಲ ಮತ್ತು ಕೊನೆಯ ಅಗಲದ ಅರ್ಧ ಮಾತ್ರ ಕೂಡಿಸಬೇಕು. ಈ ಲೆಕ್ಕ ಹೊರಕ್ಕೆ ಉಬ್ಬಿದ ಅಂಚನ್ನು ನೇರ ಗೆರೆಯಿಂದ ಕತ್ತರಿಸುತ್ತದೆ, ಹಾಗಾಗಿ ಸ್ವಲ್ಪ ಕಡಿಮೆ ಬರುತ್ತದೆ. ನಿಮ್ಮಲ್ಲಿ ಪಟ್ಟಿಗಳು ಆರು, ಸಮ ಸಂಖ್ಯೆ. ಆದ್ದರಿಂದ ಸಿಂಪ್ಸನ್ ಸೂತ್ರವನ್ನೂ ಹಾಕಬಹುದು: 2, 4, 6ನೆಯ ಅಗಲಗಳಿಗೆ ನಾಲ್ಕುಪಟ್ಟು, 3, 5ನೆಯದಕ್ಕೆ ಎರಡುಪಟ್ಟು. 4×17.5 + 2×15 = 100. ಅಂತರದ ಮೂರನೇ ಒಂದು ಭಾಗದಿಂದ ಗುಣಿಸಿ: 100×4÷3 = 133.3 ಚದರ ಅಡಿ. ಪಟ್ಟಿಗಳು ಬೆಸ ಸಂಖ್ಯೆಯಲ್ಲಿದ್ದರೆ ಈ ಸೂತ್ರ ಹೊಂದುವುದಿಲ್ಲ.

ದಪ್ಪವನ್ನೂ ಅಡಿಗೆ ತನ್ನಿ. ನೇರವಾಗಿ 3ರಿಂದ ಗುಣಿಸಿದರೆ 400 ಬರುತ್ತದೆ, ಅದು ಬೇಕಾದದ್ದರ ಹನ್ನೆರಡುಪಟ್ಟು. 3 ಇಂಚು 0.25 ಅಡಿ. 133.3×0.25 = 33.3 ಘನ ಅಡಿ. ಒಂದು ಘನ ಅಡಿ 28.3 ಲೀಟರ್, ಒಟ್ಟು ಸುಮಾರು 944 ಲೀಟರ್. 50ರಿಂದ ಭಾಗಿಸಿದರೆ 18.9. ತೊಗಟೆ ಹಾಸಿದ ಮೇಲೆ ಕುಸಿದು ಕೂರುತ್ತದೆ, ಅದಕ್ಕಾಗಿ ಶೇಕಡಾ 10 ಸೇರಿಸಿ 21 ಚೀಲ ತರಿಸಿ. ಗಿಡಗಳ ಕಾಂಡಕ್ಕೆ ತಗಲದಂತೆ ಸುತ್ತ ಎರಡು-ಮೂರು ಇಂಚು ಬಿಟ್ಟೇ ಹಾಸಿ. ಹಸಿ ತೊಗಟೆ ಒತ್ತಿ ನಿಂತರೆ ಕಾಂಡ ಬುಡದಲ್ಲೇ ಕೊಳೆಯುತ್ತದೆ.