ಹುಲ್ಲುಹಾಸಿಗೆ ಟ್ಯಾಂಕರ್ ನೀರು: ಉಳಿಸಿಕೊಂಡವರು ಅನುಭವ ಹೇಳಿ

ಯಲಹಂಕದ ಮೂಲೆಮನೆ
ಮನೆಯ ಮುಂದೆ 45x20 ಅಡಿಯ ಮೆಕ್ಸಿಕನ್ ಹುಲ್ಲಿದೆ. ಕೊಳವೆಬಾವಿ ಫೆಬ್ರವರಿಯಿಂದ ನೀರಿಗಿಂತ ಗಾಳಿಯನ್ನೇ ಹೆಚ್ಚು ಉಗುಳುತ್ತಿದೆ. ಬೆಳಿಗ್ಗೆ ಮುಕ್ಕಾಲು ಗಂಟೆ ಕೈಯಲ್ಲಿ ಪೈಪು ಹಿಡಿದು ನಿಲ್ಲುತ್ತೇನೆ. ಮಗಳ ಆರತಕ್ಷತೆ ಡಿಸೆಂಬರಿನಲ್ಲಿ ಈ ಹುಲ್ಲಿನ ಮೇಲೆಯೇ ಆಗಬೇಕೆಂದು ಮನೆಯವರ ಹಟ, ಆದ್ದರಿಂದ ಕೀಳುವ ಮಾತು ಬೇಡ. ಕೇಳುವುದು ಎರಡೇ. ಸಂಪಿನ ಒಂದು ಎಚ್‌ಪಿ ಮೋಟಾರಿಗೆ ನಾಲ್ಕು ಪಾಪ್-ಅಪ್ ಸ್ಪ್ರಿಂಕ್ಲರ್ (ನೀರು ಬಿಟ್ಟಾಗ ನೆಲದಿಂದ ಮೇಲೆದ್ದು ಎರಚುವಂಥವು) ನಡೆಯುತ್ತವೆಯೇ? ಟೈಮರ್ ಹಾಕಿದರೆ ನೀರು ನಿಜವಾಗಿ ಉಳಿಯುತ್ತದೆಯೇ?

ಕಿತ್ತು ಗೆದ್ದವನು
ಕಿತ್ತುಬಿಡಿ ಸರ್. ನನ್ನದು 1,400 ಚದರಡಿ ಕೊರಿಯನ್ ಹುಲ್ಲು, ಅಂದರೆ 130 ಚದರ ಮೀಟರ್. ದಿನಕ್ಕೆ ಐದು ಮಿಲಿಮೀಟರ್ ಎಂದರೂ 650 ಲೀಟರ್. ಲೆಕ್ಕದ ಪ್ರಕಾರ 12,000 ಲೀಟರಿನ ಟ್ಯಾಂಕರ್ ಹದಿನೆಂಟು ದಿನ ಬರಬೇಕಿತ್ತು. ಕೈಪೈಪಿನಲ್ಲಿ ಒಂಬತ್ತನೇ ದಿನಕ್ಕೇ ಸಂಪಿನ ತಳ ಕಾಣುತ್ತಿತ್ತು. 2024ರ ಮಾರ್ಚ್‌ನಲ್ಲಿ ಒಂದು ಲೋಡಿಗೆ 2,200 ಕೊಟ್ಟಿದ್ದೇನೆ. ಜಿಲ್ಲಾಡಳಿತ ಐದು ಕಿಲೋಮೀಟರ್ ಒಳಗೆ 1,000 ರೂಪಾಯಿ ಎಂದು ದರ ಕಟ್ಟಿದ ಮರುದಿನದಿಂದ ನಮ್ಮ ಟ್ಯಾಂಕರ್‌ನವನು ಫೋನ್ ಎತ್ತುವುದನ್ನೇ ಬಿಟ್ಟ.

ಕೀಳುವುದೂ ಸುಲಭವಾಗಲಿಲ್ಲ. ಇಬ್ಬರು ಆಳು ಮೂರು ದಿನ, 4,800. ಒಂದು ಟ್ರ್ಯಾಕ್ಟರ್ ಕೆಂಪು ಮಣ್ಣು, 3,500. ನರ್ಸರಿಯವನು ನೀರೇ ಬೇಡ ಎಂದು ನೆಲದ ಮೇಲೆ ಹಬ್ಬುವ ವೆಡೆಲಿಯಾ ಗಿಡ ಕೊಟ್ಟ. ನೀರು ಬೇಡ, ನಿಜ. ಆದರೆ ಅದು ಕಾಂಪೌಂಡ್ ಹಾರಿ ಪಕ್ಕದ ಮನೆಯ ತುಳಸಿಕಟ್ಟೆ ಸುತ್ತಿಕೊಂಡಿತು. ಆ ಮನೆಯವರು ಇಂದಿಗೂ ಮಾತನಾಡುವುದಿಲ್ಲ. ಅದನ್ನು ಕೀಳಿಸಲು ಮತ್ತೆ 2,400. ಅಗೆದ ಮಣ್ಣಿನಲ್ಲಿ ಜೇಕು ಎದ್ದಿತು, ಎರಡು ವರ್ಷ ಕಿತ್ತಿದ್ದೇನೆ. ಈಗ ಕಣಗಿಲೆ, ಕೇಪಳ, ನಿತ್ಯಪುಷ್ಪ ಇವೆ, ಬುಡಕ್ಕೆ ನಾಲ್ಕು ಬೆರಳು ದಪ್ಪ ತರಗೆಲೆ ಮುಚ್ಚಿಗೆ ಇದೆ. ವಾರಕ್ಕೆ ಎರಡು ಸಲ ನೀರು, ಅಷ್ಟೇ.

ಮಾಜಿ ಕಾರ್ಯದರ್ಶಿ
84 ಮನೆಗಳ ಅಪಾರ್ಟ್‌ಮೆಂಟ್ ನಮ್ಮದು. ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧೀಕರಿಸುವ ಘಟಕದ ನೀರು ಚರಂಡಿಗೆ ಹೋಗುತ್ತಿತ್ತು, ತೋಟಕ್ಕೆ ಟ್ಯಾಂಕರ್ ಬರುತ್ತಿತ್ತು. ಈ ಮೂರ್ಖತನ ನಿಲ್ಲಿಸಿದ್ದು ನಾನು. ಅದಕ್ಕೇ ‘ಮಾಜಿ’ ಆಗಿದ್ದೇನೆ.

ಮೊದಲು ಗಿಡಗಳಿಗೆಲ್ಲ ಹನಿ ನೀರಾವರಿ ಮಾಡಿಸಿದೆವು, 1,62,000 ರೂಪಾಯಿ. ಗುತ್ತಿಗೆದಾರ ಬರಿಯ ಸ್ಕ್ರೀನ್ ಫಿಲ್ಟರ್ ಹಾಕಿ ಹೋದ. ಏಳನೇ ವಾರಕ್ಕೆ ಅರ್ಧ ಡ್ರಿಪ್ಪರ್‌ಗಳ ಬಾಯಿ ಕಟ್ಟಿತು, ಒಳಗೆಲ್ಲ ಪಾಚಿ, ಲೋಳೆ. ಡಿಸ್ಕ್ ಫಿಲ್ಟರ್‌ಗೆ ಮತ್ತೆ 18,500. ಅದನ್ನು ವಾರಕ್ಕೊಮ್ಮೆ ತೊಳೆಯಬೇಕು. ಮಾಲಿ ಪ್ಲಂಬರ್ ತೊಳೆಯಲಿ ಎನ್ನುತ್ತಾನೆ, ಪ್ಲಂಬರ್ ಮಾಲಿ ತೊಳೆಯಲಿ ಎನ್ನುತ್ತಾನೆ. ಭಾನುವಾರಗಳಲ್ಲಿ ತೊಳೆದವನು ನಾನು, ಬನಿಯನ್ನಿನಲ್ಲಿ, ಬ್ಯಾಂಕಿನಲ್ಲಿ ಮೂವತ್ತೊಂದು ವರ್ಷ ದುಡಿದ ಮನುಷ್ಯ. ಬೇಸಿಗೆಯಲ್ಲಿ ಅಳಿಲುಗಳು ನೀರಿಗಾಗಿ 16 ಎಂಎಂ ಪೈಪು ಕಡಿದವು. ಪಕ್ಕದಲ್ಲೇ ಮಣ್ಣಿನ ಬಟ್ಟಲಲ್ಲಿ ನೀರಿಟ್ಟೆವು, ಕಡಿತ ಕಡಿಮೆಯಾಯಿತು.

ಹುಲ್ಲಿಗೆ ಅದೇ ನೀರನ್ನು ಸ್ಪ್ರಿಂಕ್ಲರಿನಲ್ಲಿ ಬಿಟ್ಟಾಗ ವಾಸನೆ ಎಂದು ಎರಡನೇ ಮಹಡಿಯವರು ದೂರು ಬರೆದರು. ಬೆಳಗಿನ ಜಾವ ನಾಲ್ಕೂವರೆಗೆ ಬದಲಿಸಿದೆವು. ಆಗ ಮೋಟಾರ್ ಸದ್ದು ಎಂದು ಮೊದಲನೇ ಮಹಡಿಯವರು ದೂರು ಬರೆದರು! ತಿಂಗಳಿಗೆ ಹನ್ನೊಂದು ಟ್ಯಾಂಕರ್ ಉಳಿದದ್ದನ್ನು ಮಹಾಸಭೆಯಲ್ಲಿ ಒಬ್ಬರೂ ಎತ್ತಲಿಲ್ಲ.

ಟೊಮೆಟೊ ಕೋಲಾರ
ಓದಿ ನಗು ಬರುತ್ತಿದೆ, ಹೊಟ್ಟೆಯೂ ಉರಿಯುತ್ತಿದೆ. 1,350 ಅಡಿ ಕೊರೆಸಿದ್ದೇನೆ ಸ್ವಾಮಿ. ಅದಕ್ಕೂ ಮೊದಲು ಕೊರೆಸಿದ ಮೂರರಲ್ಲಿ ಬರೀ ಧೂಳು ಬಂತು. ಆ ಸಾಲ ತೀರಿಲ್ಲ. ನೀವು ಕೊಳೆ ಮಾಡಿ ಬಿಟ್ಟ ನೀರು ಬೆಂಗಳೂರಿನ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಪೈಪಿನಲ್ಲಿ 2018ರಿಂದ ನಮ್ಮ ಕೆರೆಗಳಿಗೆ ಬರುತ್ತಿದೆ, ಅದನ್ನೂ ಎರಡೇ ಹಂತ ಶುದ್ಧ ಮಾಡಿ ಕಳಿಸುತ್ತಾರೆ. ನಾವು ಮಲ್ಚಿಂಗ್ ಶೀಟು ಹಾಸಿ, ಡ್ರಿಪ್ ಎಳೆದು, ಗಿಡಕ್ಕೆ ಹನಿ ಎಣಿಸಿ ಕೊಡುತ್ತೇವೆ. ನಿಮ್ಮ ಹುಲ್ಲು ತಿನ್ನಲು ಒಂದು ದನವಾದರೂ ಇದೆಯೇ?

ಮಾಜಿ ಕಾರ್ಯದರ್ಶಿ
ಕೋಲಾರದವರೇ, ನಾನು ಮಾತನಾಡಿದ್ದು ಸಂಸ್ಕರಿಸಿದ ನೀರಿನ ಬಗ್ಗೆ. ಕಬ್ಬನ್ ಪಾರ್ಕು, ಲಾಲ್‌ಬಾಗಿಗೂ ಸಂಸ್ಕರಿಸಿದ ನೀರನ್ನು ಹಾಯಿಸುತ್ತಾರೆ. ಓದದೆ ಬೈಯಬೇಡಿ.

ಟೊಮೆಟೊ ಕೋಲಾರ
ಓದಿಯೇ ಬೈದದ್ದು. ಹನ್ನೊಂದು ಟ್ಯಾಂಕರ್ ‘ಉಳಿಯಿತು’ ಎಂದರೆ ಮೊದಲು ಹನ್ನೊಂದು ಟ್ಯಾಂಕರ್ ಹುಲ್ಲಿಗೆ ಸುರಿದಿರಿ ಎಂದಲ್ಲವೇ? ಆ ನೀರು ಯಾವ ಹಳ್ಳಿಯ ಕೊಳವೆಬಾವಿಯದು ಎಂದು ಟ್ಯಾಂಕರ್‌ನವನನ್ನು ಒಮ್ಮೆಯಾದರೂ ಕೇಳಿದ್ದಿರಾ?

ನಾಲ್ಕನೇ ಕ್ರಾಸಿನ ಅಜ್ಜಿ
ಟೈಮರ್ ಬಗ್ಗೆ ನಾನು ಹೇಳುತ್ತೇನೆ. ಮಗ ಆನ್‌ಲೈನಿನಲ್ಲಿ 3,200 ಕೊಟ್ಟು ತರಿಸಿದ. ನಾವು ಮೂರು ದಿನ ತಿರುಪತಿಗೆ ಹೋದೆವು. ಸೆಲ್ ಸತ್ತು ವಾಲ್ವ್ ತೆರೆದೇ ನಿಂತಿತು. 9,000 ಲೀಟರ್ ಸಂಪು ಖಾಲಿ, ಮೋಟಾರ್ ಒಣ ಓಡಿ ಸುಟ್ಟಿತು, ವೈಂಡಿಂಗಿಗೆ 2,800. ಬೀದಿಯಲ್ಲಿ ಹರಿದ ನೀರಿಗೆ ಎದುರುಮನೆಯವರು ಫೋಟೊ ತೆಗೆದು ಬಡಾವಣೆಯ ಗುಂಪಿಗೆ ಹಾಕಿದರು. ಟೈಮರ್ ಮಳೆಯಲ್ಲಿಯೂ ಓಡುತ್ತದೆ, ಅದಕ್ಕೇನು ಗೊತ್ತು! ಈಗ ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಎಲ್ಲ ಕುಂಡಗಳಿಗೆ. ಹುಲ್ಲು ಮಾತ್ರ ಹಾಗೆ ಬದುಕುವುದಿಲ್ಲ, ಒಪ್ಪುತ್ತೇನೆ.

ಇನ್ನೊಂದು, ದಂಡ ನೆನಪಿರಲಿ. 2024ರಲ್ಲಿಯೂ 2025ರಲ್ಲಿಯೂ ಬೇಸಿಗೆಯ ಹೊತ್ತಿಗೆ ಜಲಮಂಡಳಿ ಆದೇಶ ಹೊರಡಿಸಿತು. ತೋಟಕ್ಕೆ ಕುಡಿಯುವ ನೀರು ಬಿಟ್ಟರೆ 5,000 ರೂಪಾಯಿ, ಮತ್ತೆ ಬಿಟ್ಟರೆ ದಿನಕ್ಕೆ ಇನ್ನೂ 500.

ಕಿತ್ತು ಗೆದ್ದವನು
ಅಜ್ಜಿ, ಅದು ಕಾವೇರಿ ನೀರಿಗೆ. ಕೊಳವೆಬಾವಿಗಲ್ಲ.

ನಾಲ್ಕನೇ ಕ್ರಾಸಿನ ಅಜ್ಜಿ
ನಮ್ಮ ಮನೆಯಲ್ಲಿ ಕುಡಿಯುವುದು ಕೊಳವೆಬಾವಿ ನೀರನ್ನೇ. ಹಾಗಾದರೆ ಅದು ಕುಡಿಯುವ ನೀರಲ್ಲವೇ? ನಿಮ್ಮ ವೆಡೆಲಿಯಾ ತುಳಸಿಕಟ್ಟೆಗೆ ಹೋದಾಗಲೂ ಹೀಗೆಯೇ ವಾದಿಸಿದಿರೋ ಏನೋ.

ಸ್ಯಾನ್ ಹೋಸೆ ಕನ್ನಡಿಗ
ಕ್ಯಾಲಿಫೋರ್ನಿಯಾದಲ್ಲಿ 2015ರಲ್ಲಿ ಗವರ್ನರ್ ಜೆರ್ರಿ ಬ್ರೌನ್ ನಗರಗಳ ನೀರನ್ನು ಶೇ 25ರಷ್ಟು ಕಡಿತ ಮಾಡಲು ಆದೇಶ ಕೊಟ್ಟಾಗ ನಾವು ಹುಲ್ಲು ತೆಗೆದೆವು. ತೆಗೆದವರಿಗೆ ಚದರಡಿ ಲೆಕ್ಕದಲ್ಲಿ ಹಣವನ್ನೂ ಕೊಟ್ಟರು. ನಾನು ಆತುರದಲ್ಲಿ ಪೂರ್ತಿ ಜಲ್ಲಿ ಹಾಸಿಸಿದೆ. ಮುಂದಿನ ಜುಲೈನಲ್ಲಿ ಮನೆಯ ಮುಂದೆ ಹಂಚು ಕಾಯುವಂತೆ ಕಾದಿತು. ಮತ್ತೆ ಹಣ ಸುರಿದು ಜಲ್ಲಿ ತೆಗೆಸಿ, ಸ್ಥಳೀಯ ಗಿಡಗಳನ್ನು ನೆಟ್ಟೆವು. ಎರಡು ಸಲದ ಖರ್ಚಿನಲ್ಲಿ ಸಿಕ್ಕ ಸಹಾಯಧನ ಎಲ್ಲಿ ಕರಗಿತೋ ತಿಳಿಯಲಿಲ್ಲ.

ಟೊಮೆಟೊ ಕೋಲಾರ
ಹುಲ್ಲು ಕಿತ್ತರೆ ಸರ್ಕಾರ ದುಡ್ಡು ಕೊಡುವ ದೇಶದಿಂದ ಸಲಹೆ. ಒಳ್ಳೆಯದು.

ಪ್ಲಾಸ್ಟಿಕ್ ಹುಲ್ಲಿನ ಪರ
ಇಷ್ಟೆಲ್ಲ ಯಾಕೆ? ಕೃತಕ ಹುಲ್ಲು ಹಾಕಿಸಿ. ನನ್ನದು ಚದರಡಿಗೆ 52 ರೂಪಾಯಿ, ಮೂರು ವರ್ಷ ಆಯಿತು. ಒಂದು ಹನಿ ನೀರು ಬೇಡ. ಬಿಸಿಲಿನಲ್ಲಿ ಸ್ವಲ್ಪ ಕಾಯುತ್ತದೆ, ಸಂಜೆ ಮಕ್ಕಳು ಆಡುವ ಮೊದಲು ಎರಡು ಬಕೆಟ್ ನೀರು ಚಿಮುಕಿಸುತ್ತೇವೆ.

ನಾಲ್ಕನೇ ಕ್ರಾಸಿನ ಅಜ್ಜಿ
ಒಂದು ಹನಿ ಬೇಡ, ಎರಡು ಬಕೆಟ್ ಬೇಕು. ಸರಿ ಸರಿ.

ಯಲಹಂಕದ ಮೂಲೆಮನೆ
ಎಲ್ಲರಿಗೂ ನಮಸ್ಕಾರ. ಒಂದು ಎಚ್‌ಪಿ ಮೋಟಾರಿನ ಪ್ರಶ್ನೆ ಹಾಗೆಯೇ ಉಳಿದಿದೆ.

ಪಿಚ್ ನೋಡಿಕೊಂಡವನು
ಮೈಸೂರಿನಲ್ಲಿ ಕಾಲೇಜು ಮೈದಾನಕ್ಕೆ ಹತ್ತೊಂಬತ್ತು ವರ್ಷ ನೀರು ಹಾಯಿಸಿದವನು ನಾನು. ನಾಲ್ಕು ಮೂಲೆಗೆ ನಾಲ್ಕು ಸ್ಪ್ರಿಂಕ್ಲರ್ ಹಾಕಿದರೆ ನಡುವೆ ಒಣಗುತ್ತದೆ. ಒಂದೇ ಸಾಲಿನಲ್ಲಿ ಒಂದರ ನೀರು ಪಕ್ಕದ್ದರ ಬುಡ ಮುಟ್ಟಬೇಕು. ಹದಿನೈದು ಅಡಿ ಎರಚುವ ತಲೆಗಳಾದರೆ ನಿಮಗೆ ಎರಡು ಸಾಲು, ಒಟ್ಟು ಎಂಟು ಬೇಕು. ಒಟ್ಟಿಗೆ ಎಂಟನ್ನು ತೆರೆಯಬೇಡಿ, ಎರಡು ವಾಲ್ವ್ ಮಾಡಿ ನಾಲ್ಕು ನಾಲ್ಕಾಗಿ ನಡೆಸಿ. ಇದೇ ಮಾತನ್ನು ನಮ್ಮ ದೈಹಿಕ ಶಿಕ್ಷಣದ ಮೇಷ್ಟರಿಗೆ ಹೇಳಿದ್ದಕ್ಕೆ ‘ನೀನೇನು ಇಂಜಿನಿಯರೇ?’ ಎಂದರು. ನಾಲ್ಕೇ ಹಾಕಿಸಿದರು. ಬೌಲರ್ ಓಡಿ ಬರುವ ಜಾಗವೆಲ್ಲ ಬೋಳಾಯಿತು, ಬೈಗುಳ ನನಗೆ ಬಂತು.

ಅದಕ್ಕೆ ಮೊದಲು ನಿಮ್ಮ ಪೈಪಿಗೆ ಒಂದು ಬಕೆಟ್ ಹಿಡಿಯಿರಿ. ನಿಮಿಷಕ್ಕೆ 20 ಲೀಟರ್ ಬಂದರೆ ಮುಕ್ಕಾಲು ಗಂಟೆಗೆ 900, ವಾರಕ್ಕೆ 6,300. ನಿಮ್ಮ ಹುಲ್ಲು 84 ಚದರ ಮೀಟರ್. ವಾರಕ್ಕೆ ಎರಡು ಸಲ, ಸಲಕ್ಕೆ 12 ಮಿಲಿಮೀಟರ್ ಕೊಟ್ಟರೆ ಸುಮಾರು 2,000 ಲೀಟರ್ ಸಾಕು. ದಿನಾ ಮೇಲೆ ಮೇಲೆ ನೀರು ತೋರಿಸಿದರೆ ಬೇರು ಕೆಳಗೆ ಇಳಿಯುವುದಿಲ್ಲ. ನೇರ ಅಂಚಿನ ನಾಲ್ಕು ಸ್ಟೀಲ್ ಲೋಟ ಹುಲ್ಲಿನ ಮೇಲಿಟ್ಟು, ಸ್ಪ್ರಿಂಕ್ಲರ್ ಕಾಲು ಗಂಟೆ ಓಡಿಸಿ, ಸ್ಕೇಲಿನಲ್ಲಿ ಅಳೆಯಿರಿ. ಆಮೇಲೆ ಟೈಮರ್ ಮಾತು. ಕತ್ತರಿಸುವಾಗ ಬೋಳು ಮಾಡಬೇಡಿ. ಮೇ ತಿಂಗಳಲ್ಲಿ ಕಂದಾದರೆ ಸತ್ತಿತು ಎಂದು ಹೆದರಲೂ ಬೇಡಿ. ಸೆಪ್ಟೆಂಬರ್, ಅಕ್ಟೋಬರ್ ಮಳೆ ಸರಿಯಾಗಿ ಬಿದ್ದರೆ ಡಿಸೆಂಬರಿಗೆ ಹಸಿರಾಗಿರುತ್ತದೆ.

ಯಲಹಂಕದ ಮೂಲೆಮನೆ
ಬಕೆಟ್ ಹಿಡಿದೆ. 20 ಲೀಟರಿನದು 52 ಸೆಕೆಂಡಿಗೆ ತುಂಬಿತು. ಮನೆಯವರಿಗೆ ಹೇಳಿಲ್ಲ.

ಟೊಮೆಟೊ ಕೋಲಾರ
ಕಾರ್ಯದರ್ಶಿಗಳೇ, ಆ ಡಿಸ್ಕ್ ಫಿಲ್ಟರ್ ಎರಡು ಇಂಚಿನದೇ? ಈಗ ಬಳಸುತ್ತಿಲ್ಲವಾದರೆ ಎಷ್ಟಕ್ಕೆ ಕೊಡುತ್ತೀರಿ? ಕೆರೆ ನೀರಿಗೆ ನನ್ನದು ಕಟ್ಟುತ್ತಿದೆ.

ಮಾಜಿ ಕಾರ್ಯದರ್ಶಿ
ಎರಡು ಇಂಚಿನದೇ. ಮೂಲೆಯಲ್ಲಿ ಬಿದ್ದಿದೆ, ತೊಳೆಯುವವರಿಲ್ಲ. ಆದರೆ ಸಂಘದ ಆಸ್ತಿ, ಹೊಸ ಕಾರ್ಯದರ್ಶಿಯನ್ನು ಕೇಳಬೇಕು. ನಾನು ಅವರೊಂದಿಗೆ ಮಾತು ಬಿಟ್ಟಿದ್ದೇನೆ.