ಕೊಲಾಜನ್ ಪುಡಿಗೆ ಸಸ್ಯಾಹಾರಿ ಬದಲಿ ಏನೈತ್ರಿ?

ಶಹಾಪುರ_ಬೆಳಗಾವಿ ಕೇಳಿದ್ದು:

ನಮಸ್ಕಾರ ರೀ ಎಲ್ಲಾರಿಗೂ. ಅವ್ವಗ 62 ವರ್ಷ, ತೂಕ 60 ಕೆ.ಜಿ. ಮೊಣಕಾಲ ಸವೆತಕ್ಕ ದಿನಾ 10 ಗ್ರಾಂ ಕೊಲಾಜನ್ ಪೆಪ್ಟೈಡ್ ಪುಡಿ ತಗೋರಿ ಅಂತ ಹೇಳ್ಯಾರ. ಡಬ್ಬಿ ಮ್ಯಾಲ ಕಂದು ತ್ರಿಕೋನ ಅದ, ಅಂದ್ರ ಮಾಂಸಾಹಾರದ ಗುರುತು. ನಮ್ಮ ಮನಿಯೊಳಗ ತತ್ತಿ ಸುದ್ದಾ ನಡಿಯಂಗಿಲ್ಲ. ಅಂಗಡಿಯವರು ‘ವೀಗನ್ ಕೊಲಾಜನ್’ ಅಂತ ಬ್ಯಾರೆ ಡಬ್ಬಿ ತೋರಸಾಕತ್ಯಾರ. ಅದರಾಗ ಖರೇನ ಕೊಲಾಜನ್ ಇರತೈತೇನು? ಇಲ್ಲಂದ್ರ ಮನ್ಯಾಗ ಏನು, ಎಷ್ಟು ಕೊಡಬೇಕು? ಕರದಂಟಿನ್ಯಾಗ ಹಾಕೋ ಅಂಟು ಅಂದ್ರ ಗಿಡದ ಕೊಲಾಜನ್ ಅಂತ ಓಣ್ಯಾಗ ಹೇಳ್ತಾರ, ಅದು ಹೌದೇನ್ರಿ? ಇನ್ನೊಂದು ಮಾತು: ಅವ್ವಗ ಹಿಂದ ಒಮ್ಮಿ ಕಿಡ್ನಿಯೊಳಗ ಹರಳಾಗಿತ್ತು.

ಔಷಧ_ಅಂಗಡಿ_ವಿಜಯಪುರ:

ಗಿಡದಲ್ಲಿ ಕೊಲಾಜನ್ ಇಲ್ಲ, ಯಾವ ಗಿಡದಲ್ಲೂ ಇಲ್ಲ. ಅದು ಪ್ರಾಣಿಗಳ ಚರ್ಮ, ಎಲುಬು, ಮೀನಿನ ಪರೆಯಿಂದ ತೆಗೆಯುವ ಪ್ರೋಟೀನು. ಯೀಸ್ಟ್ ಜೀವಕೋಶಗಳಿಂದ ಮನುಷ್ಯರ ಕೊಲಾಜನ್ ತಯಾರಿಸುವ ವಿಧಾನವಿದೆ, ಆದರೆ ಅದರ ಬಳಕೆ ಹೆಚ್ಚಾಗಿ ಕ್ರೀಮುಗಳಲ್ಲಿ. ದಿನಕ್ಕೆ 10 ಗ್ರಾಂ ನುಂಗುವಷ್ಟು ಅಗ್ಗವಾಗಿ ಅದು ನಮ್ಮ ಅಂಗಡಿಗಳಿಗೆ ಬರುವುದಿಲ್ಲ.

‘ವೀಗನ್ ಕೊಲಾಜನ್’ ಡಬ್ಬಿಯನ್ನು ತಿರುಗಿಸಿ ಓದಿ. ಸಾಮಾನ್ಯವಾಗಿ ವಿಟಮಿನ್ ಸಿ, ಬಯೋಟಿನ್, ಸತು, ಬಿದಿರಿನ ಸಿಲಿಕಾ, ಒಂದೆರಡು ಅಮೈನೊ ಆಮ್ಲ (ಪ್ರೋಟೀನು ಕಟ್ಟುವ ಮೂಲ ತುಣುಕುಗಳು) ಇರುತ್ತವೆ. ದೇಹ ತಾನೇ ಕೊಲಾಜನ್ ಕಟ್ಟಿಕೊಳ್ಳಲು ಇವು ನೆರವಾಗಲಿ ಎಂಬುದು ಲೆಕ್ಕ. ಅಮೈನೊ ಆಮ್ಲ ಎಷ್ಟಿದೆ ಎಂದು ನೋಡಿ. 10 ಗ್ರಾಂ ಕೊಲಾಜನ್ನಿನಲ್ಲಿ ಗ್ಲೈಸಿನ್ ಎಂಬ ಅಮೈನೊ ಆಮ್ಲ ಒಂದೇ 2 ಗ್ರಾಂ ಮೀರಿರುತ್ತದೆ. ಡಬ್ಬಿಯಲ್ಲಿ 200 ಮಿ.ಗ್ರಾಂ ಬರೆದಿದ್ದರೆ ಅದು ಹೆಸರಿಗೆ ಮಾತ್ರ. ‘ಪ್ರೊಪ್ರೈಟರಿ ಬ್ಲೆಂಡ್’ ಎಂದು ಎಲ್ಲವನ್ನೂ ಒಟ್ಟು ತೂಕದಲ್ಲಿ ಮುಚ್ಚಿಟ್ಟಿದ್ದರೆ ಆ ಡಬ್ಬಿಯನ್ನು ಅಲ್ಲೇ ಬಿಡಿ.

ಒಳಗಿನ ಪುಡಿ ಸಸ್ಯಾಹಾರಿಯಾದರೂ ಹೊರಗಿನ ಕ್ಯಾಪ್ಸೂಲ್ ಜೆಲಾಟಿನ್ ಆಗಿರಬಹುದು. ಜೆಲಾಟಿನ್ ಅಂದರೆ ಕುದಿಸಿದ ಕೊಲಾಜನ್ನೇ. ‘ಎಚ್‌ಪಿಎಂಸಿ’ ಅಥವಾ ‘ಪುಲ್ಲುಲಾನ್’ ಎಂದಿದ್ದರೆ ಅದು ಸಸ್ಯಾಹಾರಿ ಕವಚ. ಆಹಾರ ಪೂರಕಗಳ ಮೇಲೆ ಹಸಿರು ಚುಕ್ಕಿ ಅಥವಾ ಕಂದು ತ್ರಿಕೋನ ಕಡ್ಡಾಯ. ಔಷಧ ಪರವಾನಗಿಯಲ್ಲಿ ಬರುವ ಮಾತ್ರೆಗಳ ಮೇಲೆ ಆ ಗುರುತು ಕಾಣಿಸದಿರಬಹುದು, ಆಗ ಕೇಳಿ ತಿಳಿಯಬೇಕು. ಕೀಲು ನೋವಿಗೆ ಬರುವ ಬೇರೆ ಪದಾರ್ಥಗಳಲ್ಲೂ ಇದೇ ತೊಡಕು. 40 ಮಿ.ಗ್ರಾಂ ಟೈಪ್-2 ಕೊಲಾಜನ್ ಕೋಳಿಯ ಎದೆಗೂಡಿನ ಮೃದ್ವಸ್ಥಿಯಿಂದ ಬರುತ್ತದೆ. ಕೊಂಡ್ರಾಯ್ಟಿನ್ ಪ್ರಾಣಿಗಳ ಮೃದ್ವಸ್ಥಿಯದು. ಗ್ಲುಕೋಸಮೈನ್ ಸಾಮಾನ್ಯವಾಗಿ ಸೀಗಡಿ, ಏಡಿ ಚಿಪ್ಪಿನದು. ಮೆಕ್ಕೆಜೋಳದಿಂದ ಹುದುಗಿಸಿ ಮಾಡಿದ್ದೂ ಸಿಗುತ್ತದೆ, ಹಾಗೆಂದು ಲೇಬಲ್ ಮೇಲೆ ಸ್ಪಷ್ಟವಾಗಿ ಬರೆದಿರಬೇಕು. ‘ಎಗ್ ಶೆಲ್ ಮೆಂಬ್ರೇನ್’ ಅಂದರೆ ತತ್ತಿಯ ಒಳಪೊರೆ, ನಿಮಗೆ ಬೇಡ.

ಪಥ್ಯ_ಬಾಗಲಕೋಟೆ:

ಮೇಲಿನವರು ಹೇಳಿದ್ದು ಸರಿ. ಎಷ್ಟು ಕೊಡಬೇಕು ಅನ್ನೋದಕ್ಕೆ ಬರ್ತೀನಿ.

ತಿಂದ ಕೊಲಾಜನ್ ಹಾಗೇ ಹೋಗಿ ಮೊಣಕಾಲಿಗೆ ಅಂಟೋದಿಲ್ಲ. ಹೊಟ್ಟೆಯಲ್ಲಿ ಒಡೆದು ಅಮೈನೊ ಆಮ್ಲ ಮತ್ತು ಸಣ್ಣ ಪೆಪ್ಟೈಡ್ (ಕೆಲವೇ ಅಮೈನೊ ಆಮ್ಲಗಳು ಸೇರಿದ ತುಣುಕು) ಆಗ್ತದೆ. ಆ ಪೆಪ್ಟೈಡುಗಳಿಗೆ ಸಸ್ಯಾಹಾರದಲ್ಲಿ ಬದಲಿ ಇಲ್ಲ, ಇದನ್ನು ಒಪ್ಪಿಕೊಂಡೇ ಮುಂದುವರೀಬೇಕು. ಅಮೈನೊ ಆಮ್ಲಗಳನ್ನು ಮಾತ್ರ ಪೂರ್ತಿ ತುಂಬಬಹುದು. ಮುಖ್ಯವಾದವು ಎರಡು: ಗ್ಲೈಸಿನ್, ಪ್ರೋಲಿನ್.

ಪ್ರೋಲಿನ್ ಕೊಳ್ಳೋ ಅಗತ್ಯವೇ ಇಲ್ಲ. ಹಾಲು, ಮೊಸರು, ಗೋಧಿ, ಜೋಳದ ಪ್ರೋಟೀನಿನಲ್ಲಿ ಅದು ಧಾರಾಳ. ಕಾಲು ಲೀಟರ್ ಹಾಲಿನಲ್ಲೇ ಸುಮಾರು 0.8 ಗ್ರಾಂ ಸಿಗ್ತದೆ. ಹಾಲಿನಲ್ಲಿ ಕಡಿಮೆ ಇರೋದು ಗ್ಲೈಸಿನ್. ಅದನ್ನು ಶೇಂಗಾ, ಎಳ್ಳು, ಅಗಸಿ, ಬೇಳೆ ಕೊಡ್ತವೆ. ಒಂದು ದಿನದ ಊಟ ಹೀಗೆ ಹಿಡೀರಿ: ಜೋಳದ ಹಿಟ್ಟು 150 ಗ್ರಾಂ, ತೊಗರಿ ಬೇಳೆ 60 ಗ್ರಾಂ, ಶೇಂಗಾ 40 ಗ್ರಾಂ (ಹಿಂಡಿ ಅಂದರೆ ಚಟ್ನಿಪುಡಿಯಾಗಲಿ, ಹುರಿದದ್ದಾಗಲಿ), ಅಗಸಿ ಹಿಂಡಿ 15 ಗ್ರಾಂ. ಇಷ್ಟರಲ್ಲೇ ಗ್ಲೈಸಿನ್ ಹೆಚ್ಚುಕಡಿಮೆ 1.7 ಗ್ರಾಂ ಬಂತು. ಇದಕ್ಕೆ ಕಾಲು ಲೀಟರ್ ಹಾಲು, 200 ಗ್ರಾಂ ಮೊಸರು, 30 ಗ್ರಾಂ ಹೆಸರುಕಾಳು ಮೊಳಕೆ ಬರಿಸಿ ಸೇರಿಸಿದರೆ ಒಟ್ಟು ಪ್ರೋಟೀನ್ 60 ಗ್ರಾಂ ಮುಟ್ಟುತ್ತದೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರ ಲೆಕ್ಕದಲ್ಲಿ ಕೆ.ಜಿ.ಗೆ 0.83 ಗ್ರಾಂ, ಅಂದರೆ ಅಮ್ಮನಿಗೆ 50 ಗ್ರಾಂ ಸಾಕು. ಆದರೆ ವಯಸ್ಸಾದವರಿಗೆ ಕೆ.ಜಿ.ಗೆ 1 ಗ್ರಾಂ ಇಟ್ಟುಕೊಳ್ಳೋದು ಒಳ್ಳೇದು. ನಮ್ಮ ಕಡೆ ಹಿರಿಯರ ತಾಟಿನಲ್ಲಿ ರೊಟ್ಟಿ ಪಲ್ಯ ಇರ್ತದೆ, ಕಾಳು ಮೊಸರು ಕಡಿಮೆ ಬೀಳ್ತವೆ. ನನ್ನ ಪ್ರಕಾರ ಕೊಲಾಜನ್‌ಗಿಂತ ಮೊದಲು ನೋಡಬೇಕಾದ ಕೊರತೆ ಇದು.

ಇದರ ಮೇಲೂ ಪುಡಿ ಬೇಕೆಂದರೆ ಬರೀ ಗ್ಲೈಸಿನ್ ಪುಡಿ, ದಿನಕ್ಕೆ 2.5 ಗ್ರಾಂ. ರಾಸಾಯನಿಕವಾಗಿ ತಯಾರಾಗೋದರಿಂದ ಪ್ರಾಣಿಮೂಲದ ಪ್ರಶ್ನೆ ಬರೋದಿಲ್ಲ, ಆದರೂ ಹಸಿರು ಚುಕ್ಕಿ ಇರೋದನ್ನೇ ಕೊಳ್ಳಿ. ಚಮಚದ ಅಳತೆ ನಂಬಬೇಡಿ, 0.1 ಗ್ರಾಂ ತೋರಿಸೋ ಪುಟ್ಟ ತೂಕದ ಯಂತ್ರ ಇಟ್ಟುಕೊಳ್ಳಿ. ಒಂದು ಲೋಟ ನೀರಿಗೆ ಹಾಕಿದರೆ ಕರಗಿ ಸಿಹಿಯಾಗ್ತದೆ, ಸಕ್ಕರೆ ಬೇಡ. ಒಮ್ಮೆಲೇ 5–6 ಗ್ರಾಂ ಹಾಕಿದರೆ ಕೆಲವರಿಗೆ ಹೊಟ್ಟೆ ತೊಳಸ್ತದೆ.

ವಿಟಮಿನ್ ಸಿ ಇಲ್ಲದೆ ಇದೆಲ್ಲ ವ್ಯರ್ಥ. ಪ್ರೋಲಿನ್ ಅನ್ನು ಹೈಡ್ರಾಕ್ಸಿಪ್ರೋಲಿನ್ ಮಾಡೋ ಕಿಣ್ವಕ್ಕೆ ಸಿ ಮತ್ತು ಕಬ್ಬಿಣ ಎರಡೂ ಬೇಕು. ಆ ಹಂತ ತಪ್ಪಿದರೆ ಕೊಲಾಜನ್ನಿನ ಮೂರೆಳೆಯ ಹುರಿ ಗಟ್ಟಿಯಾಗಿ ನಿಲ್ಲೋದಿಲ್ಲ. ಸ್ಕರ್ವಿಯಲ್ಲಿ, ಅಂದರೆ ವಿಟಮಿನ್ ಸಿ ಕೊರತೆಯ ರೋಗದಲ್ಲಿ, ವಸಡು ಒಡೆಯೋದು ಇದೇ ಕಾರಣಕ್ಕೆ. ಹೆಂಗಸರಿಗೆ ದಿನಕ್ಕೆ 65 ಮಿ.ಗ್ರಾಂ ಸಿ ಬೇಕು. ಅರ್ಧ ಪೇರಲ ಹಣ್ಣು, ಅಂದರೆ 50 ಗ್ರಾಂ ತಿಂದರೆ 100 ಮಿ.ಗ್ರಾಂ ಹತ್ತಿರ ಬರ್ತದೆ. ಲಿಂಬೆ ಸಾಲೋದಿಲ್ಲ. ಇಂಡಿ ಕಡೆಯ ರಸಭರಿತ ಲಿಂಬೆಯಾದರೂ ಒಂದರಲ್ಲಿ 15–20 ಮಿ.ಗ್ರಾಂ ಅಷ್ಟೇ, ಕುದಿಯೋ ಸಾರಿಗೆ ಹಿಂಡಿದರೆ ಅದರಲ್ಲೂ ಒಂದಷ್ಟು ಹೋಗ್ತದೆ. ಸಾರು ಒಲೆಯಿಂದ ಇಳಿಸಿ, ತಾಟಿಗೆ ಬಡಿಸಿದ ಮೇಲೆ ಹಿಂಡ್ರಿ. ಊಟದ ಬೆನ್ನಿಗೇ ಚಹಾ ಬೇಡ, ಕಬ್ಬಿಣ ಹೀರೋದಕ್ಕೆ ಅಡ್ಡ ಬರ್ತದೆ; ಒಂದು ತಾಸು ಬಿಡಿ.

ಕೊಲಾಜನ್ ಎಳೆಗಳನ್ನು ಒಂದಕ್ಕೊಂದು ಬೆಸೆಯೋ ಕಿಣ್ವಕ್ಕೆ ತಾಮ್ರ ಬೇಕು. ಎಳ್ಳು, ಶೇಂಗಾದಲ್ಲಿ ಸಾಕಷ್ಟಿದೆ. ಸತುವಿನ 50 ಮಿ.ಗ್ರಾಂ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದರೆ ತಾಮ್ರ ಕುಸೀತದೆ, ಅದನ್ನು ಮಾಡಬೇಡಿ.

ಗೋಕಾಕ_ಗೆಳತಿ:

ಅಂಟಿನ ಮಾತು ನಾ ಹೇಳ್ತೀನ್ರಿ. ಗೋಕಾಕದ್ದಿರಲಿ, ಅಮೀನಗಡದ್ದಿರಲಿ, ಕರದಂಟಿಗೆ ಹಾಕೋ ಅಂಟು ಗಿಡದ ತೊಗಟಿಯಿಂದ ಸೋರೋ ಅಂಟು. ಅದು ಸಕ್ಕರಿ ಜಾತಿಯ ನಾರು, ಪ್ರೋಟೀನ್ ಬಹಳ ಕಡಿಮಿ. ತುಪ್ಪದಾಗ ಅರಳಿಸಿ ತಿನ್ನಾಕ ಚಲೋ, ಆದ್ರ ಕೊಲಾಜನ್ ಅಲ್ಲ. ಕರದಂಟಿನ್ಯಾಗ ಪ್ರೋಟೀನ್ ಕೊಡೋದು ಬದಾಮಿ, ಗೋಡಂಬಿ. ಜೆಲ್ಲಿಗೆ ಹಾಕೋ ಚೈನಾ ಗ್ರಾಸೂ ಹಂಗ, ಹೆಪ್ಪುಗಟ್ಟತೈತಿ, ಪ್ರೋಟೀನ್ ಇಲ್ಲ.

ಪಥ್ಯದವರು ಬರದದ್ದಕ್ಕ ಒಂದು ತಿದ್ದುಪಡಿ, ಹರಳಿನ ಮಾತು ಅದ ಅಂತ. ಕೊಲಾಜನ್ನಿನ ಹೈಡ್ರಾಕ್ಸಿಪ್ರೋಲಿನ್ ಒಡೆದು ಮೂತ್ರದಾಗ ಆಕ್ಸಲೇಟ್ (ಕ್ಯಾಲ್ಸಿಯಂ ಜೋಡಿ ಸೇರಿ ಹರಳು ಕಟ್ಟೋ ಪದಾರ್ಥ) ಹೆಚ್ಚ ಮಾಡತೈತಿ. ಹಂಗಾಗಿ ಹರಳಾದವರಿಗೆ ದಿನಾ 10 ಗ್ರಾಂ ಕೊಡೂಕಿಂತ ಮೊದಲ ಡಾಕ್ಟರಿಗೆ ಇದನ್ನ ನೆನಪ ಮಾಡ್ರಿ, ಸಸ್ಯಾಹಾರದ ಪ್ರಶ್ನೆ ಬದಿಗಿರಲಿ. ವಿಟಮಿನ್ ಸಿ 1000 ಮಿ.ಗ್ರಾಂ ನೊರೆ ಮಾತ್ರೆನೂ ಅದೇ ಕಾರಣಕ್ಕ ಬ್ಯಾಡ, ಪೇರಲ ಹಣ್ಣ ಸಾಕು. ಶೇಂಗಾ, ಎಳ್ಳಿನ್ಯಾಗೂ ಆಕ್ಸಲೇಟ್ ಅದ. ಶೇಂಗಾ 40 ಗ್ರಾಂ ಬದಲಿ 20 ಗ್ರಾಂ ಮಾಡಿ, ಮೊಸರಿನ ಜೋಡಿ ತಿನ್ನಿಸ್ರಿ. ಮೊಸರಿನ ಕ್ಯಾಲ್ಸಿಯಂ ಹೊಟ್ಟ್ಯಾಗ ಆಕ್ಸಲೇಟನ್ನ ಹಿಡದು ಮಲದಾಗ ಕಳಿಸತೈತಿ. ಕಡಿಮಿ ಆದ ಪ್ರೋಟೀನಿಗೆ ಹೆಸರುಕಾಳು ಇನ್ನೊಂದು ಮುಷ್ಟಿ. ನಮ್ಮ ಬಿಸಲಿಗೆ ಮೂತ್ರ 2.5 ಲೀಟರ್ ಬರೂವಷ್ಟು ನೀರು ಕುಡೀಬೇಕು.

ಮೊಣಕಾಲಿಗೆ ಯಾವ ಪುಡಿಗಿಂತ ತೊಡಿಯ ಸ್ನಾಯು ಗಟ್ಟಿ ಆಗೋದು ಮುಖ್ಯ ರೀ. ಕುರ್ಚಿ ಮ್ಯಾಲ ಕುಂತು ಒಂದು ಕಾಲು ನೆಟ್ಟಗ ಚಾಚಿ 5 ಸೆಕೆಂಡ್ ಹಿಡಿದು ನಿಧಾನ ಇಳಿಸೋದು. ಒಂದೊಂದು ಕಾಲಿಗೆ 10 ಸಲ, ದಿನಾ ಎರಡು ಹೊತ್ತು. ಬಾವು, ಬಿಸಿ ಇದ್ದ ದಿನ ಬಿಡ್ರಿ.

ಶಹಾಪುರ_ಬೆಳಗಾವಿ:

ಭಾಳ ಉಪಕಾರ ಆತ್ರಿ ಅಕ್ಕಾರ, ಅಣ್ಣಾರ. ಅಂಗಡಿಯವರು ತೋರಿಸಿದ ಡಬ್ಬಿ ಓದಿದೆ: ಬಯೋಟಿನ್ 10,000 ಮೈಕ್ರೋಗ್ರಾಂ, ಗ್ಲೈಸಿನ್ 100 ಮಿ.ಗ್ರಾಂ. ಅವ್ವಗ ಬರೋ ವಾರ ಥೈರಾಯ್ಡ್ ರಕ್ತ ಪರೀಕ್ಷೆ ಅದ. ಬಯೋಟಿನ್‌ನಿಂದ ಏನರ ತೊಂದ್ರಿ?

ಔಷಧ_ಅಂಗಡಿ_ವಿಜಯಪುರ:

ಆ ಡಬ್ಬಿ ಬೇಡ. ದಿನಕ್ಕೆ ಬೇಕಾದ ಬಯೋಟಿನ್ ಸುಮಾರು 40 ಮೈಕ್ರೋಗ್ರಾಂ. 10,000 ಮೈಕ್ರೋಗ್ರಾಂ ನುಂಗಿದಾಗ ಥೈರಾಯ್ಡ್ ಪರೀಕ್ಷೆಯ ಅಂಕಿ ತಪ್ಪಾಗಿ ಬರಬಹುದು. ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಚುರುಕುಗೊಳಿಸುವ ಹಾರ್ಮೋನು) ಸುಳ್ಳೇ ಕಡಿಮೆ ತೋರಿಸಬಹುದು. ಹೃದಯಾಘಾತಕ್ಕೆ ಮಾಡುವ ಟ್ರೋಪೊನಿನ್ ಪರೀಕ್ಷೆಯೂ ಹೀಗೆ ಕೆಡಬಹುದು. ಈಗಾಗಲೇ ಕೊಟ್ಟಿದ್ದರೆ ಇವತ್ತೇ ನಿಲ್ಲಿಸಿ. ರಕ್ತ ಕೊಡುವ ಮೊದಲು ಕನಿಷ್ಠ ಎರಡು ದಿನ ಬಿಟ್ಟಿರಬೇಕು, ರಕ್ತ ತೆಗೆಯುವವರಿಗೂ ಹೇಳಿ.